ಲಾಟ್ ನಂಬರ್ 15: ಸ್ಟೋನ್‌ಹೆಂಜ್

ನಾಲ್ಕೈದು ಸಾವಿರ ವರ್ಷದ ಕಲ್ಲುಗಳು, ನಾಲ್ಕೈದು ನೂರು ವರ್ಷದ ಮನೆಗಳು. ಇಂಗ್ಲೆಂಡಿನ ಬಾತ್ ನಗರದಿಂದ ಹೊರಡುವ ಮಿನಿಬಸ್ಸಿನಲ್ಲಿ ಎಲ್ಲವೂ ಒಂದೇ ದಿನಕ್ಕೆ ಮುಗಿಯುತ್ತವೆ. ಆದರೆ ಇವು ಯಾವುವೂ ತಾವಾಗಿ ಉಳಿದವಲ್ಲ. ಒಂದನ್ನು ವಕೀಲರೊಬ್ಬರು ಕೊಂಡರು. ಇನ್ನೊಂದನ್ನು ಬ್ಯಾಂಕಿನವರೊಬ್ಬರು, ಆಮೇಲೆ ಮಾರ್ಮಲೇಡ್ ದುಡ್ಡಿನವರೊಬ್ಬರು ಕೊಂಡರು. ಸೈನ್ಯ ಕೊಂಡ ಊರೂ ಒಂದಿದೆ. ಬಸ್ಸು ಅಲ್ಲಿಗೆ ಹೋಗುವುದಿಲ್ಲ.

1915ರ ಸೆಪ್ಟೆಂಬರ್ 21. ಸಾಲ್ಸ್‌ಬರಿ ಪಟ್ಟಣದ ಪ್ಯಾಲೇಸ್ ಥಿಯೇಟರ್ ತುಂಬಿದೆ. ಅವತ್ತು ಅಲ್ಲಿ ನಾಟಕವಿಲ್ಲ, ಹರಾಜು. ಮೊದಲನೆಯ ಮಹಾಯುದ್ಧ ಶುರುವಾಗಿ ವರ್ಷ ದಾಟಿದೆ. ಸ್ಟೋನ್‌ಹೆಂಜ್‌ನ ಒಡೆಯರಾದ ಆಂಟ್ರೋಬಸ್ ಮನೆತನದ ವಾರಸುದಾರ ಮಗ ಬೆಲ್ಜಿಯಂನ ರಣರಂಗದಲ್ಲಿ ತೀರಿಕೊಂಡು, ಕೆಲವೇ ತಿಂಗಳಲ್ಲಿ ತಂದೆಯೂ ಹೋಗಿ, ಎಸ್ಟೇಟು ತುಂಡು ತುಂಡಾಗಿ ಮಾರಾಟಕ್ಕೆ ಬಂದಿದೆ.

ಹದಿನೈದನೆಯ ಲಾಟ್ ಕೂಗಿದರು: ಸ್ಟೋನ್‌ಹೆಂಜ್, ಜೊತೆಗೆ ಸುಮಾರು 30 ಎಕರೆ ಹುಲ್ಲುಗಾವಲು.

ಸವಾಲು 5,000 ಪೌಂಡಿಗೆ ಶುರುವಾಗಿ 6,600ಕ್ಕೆ ನಿಂತಿತು. ಕೊಂಡವರು ಸೆಸಿಲ್ ಚಬ್ ಎಂಬ ಸ್ಥಳೀಯ ವಕೀಲರು. ಪಕ್ಕದ ಶ್ರೂಟನ್ ಹಳ್ಳಿಯಲ್ಲಿ ಕುದುರೆ ಜೀನು ಹೊಲಿಯುವವರ ಮನೆಯಲ್ಲಿ ಹುಟ್ಟಿದವರು. ಹೆಂಡತಿ ಕುರ್ಚಿ ಕೊಂಡು ಬಾ ಎಂದು ಕಳಿಸಿದ್ದಕ್ಕೆ ಈ ಮಹಾರಾಯ ಕಲ್ಲು ಕೊಂಡು ಬಂದರು ಎಂಬ ಕಥೆ ಆ ಕಡೆಯೆಲ್ಲ ಚಾಲ್ತಿಯಲ್ಲಿದೆ. ಕುರ್ಚಿಯಲ್ಲ, ಪರದೆ ಎನ್ನುವವರೂ ಇದ್ದಾರೆ. ಮನೆಗೆ ಹೋದ ಮೇಲೆ ಏನಾಯಿತೆಂದು ಯಾರೂ ಹೇಳುವುದಿಲ್ಲ.

ಮೂರು ವರ್ಷ ಇಟ್ಟುಕೊಂಡು, 1918ರ ಅಕ್ಟೋಬರಿನಲ್ಲಿ ಚಬ್ ಅದನ್ನು ದೇಶಕ್ಕೆ ದಾನ ಕೊಟ್ಟರು. ಪ್ರವೇಶಕ್ಕೆ ತಲೆಗೆ ಒಂದು ಶಿಲ್ಲಿಂಗ್ ಮೀರಬಾರದು ಎಂಬ ಷರತ್ತನ್ನೂ ಹಾಕಿದ್ದರು. ಇಂದಿನ ಟಿಕೆಟ್ಟು 20 ಪೌಂಡಿನ ಮೇಲಿದೆ.

ಹಗ್ಗದ ಈಚೆ

ಜೂನ್ ಬಂತೆಂದರೆ ಸ್ಟೋನ್‌ಹೆಂಜ್ ಮತ್ತೆ ಸುದ್ದಿಗೆ ಬರುತ್ತದೆ. ವರ್ಷದ ಅತಿ ದೀರ್ಘ ಹಗಲಿನ ನಸುಕಿನಲ್ಲಿ ಸಾವಿರಾರು ಜನ ಕಲ್ಲುಗಳ ನಡುವೆ ನೆರೆದು, ಡೋಲು ಬಾರಿಸಿ, ಈಶಾನ್ಯದ ಹೀಲ್ ಸ್ಟೋನ್ ಕಡೆ ಸೂರ್ಯ ಹುಟ್ಟುವುದನ್ನು ಕಾಯುತ್ತಾರೆ. ಬಿಳಿ ನಿಲುವಂಗಿಯ ಡ್ರೂಯಿಡ್ ಪಂಥದವರು, ಕಂಬಳಿ ಹೊದ್ದ ವಿದ್ಯಾರ್ಥಿಗಳು, ತೂಕಡಿಸುವ ಮಕ್ಕಳು, ಹಳದಿ ಜಾಕೆಟ್ಟಿನ ಪೊಲೀಸರು, ಎಲ್ಲರೂ ಇರುತ್ತಾರೆ. ಆ ಬೆಳಗಿಗೆ ಟಿಕೆಟ್ಟಿಲ್ಲ. 2000ದಿಂದ ನಡೆದು ಬಂದ ಏರ್ಪಾಡು ಅದು.

ಉಳಿದ ಹೆಚ್ಚಿನ ದಿನಗಳಲ್ಲಿ ಕಲ್ಲುಗಳ ಸುತ್ತ ಹಗ್ಗ ಕಟ್ಟಿರುತ್ತದೆ. ಬಾತ್‌ನಿಂದ ಒಂದು ಗಂಟೆಯ ದಾರಿ. ಹದಿನೈದಿಪ್ಪತ್ತು ಜನ ಕೂರುವ ಮಿನಿಬಸ್ಸಿನಲ್ಲಿ ಡ್ರೈವರೇ ಗೈಡು. ಕಿವಿಗೆ ಮೈಕು ಸಿಕ್ಕಿಸಿಕೊಂಡು, ಒಂದು ಕೈ ಸ್ಟೀರಿಂಗಿನಲ್ಲಿ, ಇನ್ನೊಂದು ಕೈಯಲ್ಲಿ ಇತಿಹಾಸ. ಕಲ್ಲುಗಳಿಂದ ಎರಡು ಕಿಲೋಮೀಟರ್ ದೂರದಲ್ಲಿ, 2013ರಲ್ಲಿ ತೆರೆದ ಸಂದರ್ಶಕರ ಕೇಂದ್ರದ ಬಳಿ ಇಳಿಸುತ್ತಾರೆ. ಅಲ್ಲಿಂದ ಮುಂದಕ್ಕೆ ಕೇಂದ್ರದ್ದೇ ಬಸ್ಸು, ಇಲ್ಲವೇ ಹುಲ್ಲಿನ ಮೇಲೆ ನಡಿಗೆ. ಮಳೆ ಇಲ್ಲದಿದ್ದರೆ ನಡೆಯುವುದೇ ಸರಿ. ಬಯಲಿನ ಏರಿ ಹತ್ತಿದಾಗ ಕಲ್ಲುಗಳು ಥಟ್ಟನೆ ಕಾಣಿಸುತ್ತವೆ, ಎಲ್ಲರೂ ಹೇಳುವ ಮಾತನ್ನೇ ನೀವೂ ಹೇಳುತ್ತೀರಿ: ಇಷ್ಟೇ ಚಿಕ್ಕದಾ?

ಹತ್ತಿರ ಹೋದಂತೆ ಅದು ಬೆಳೆಯುತ್ತದೆ.

ಸ್ವಿಂಡನ್‌ನಲ್ಲಿ ಕೆಲಸದಲ್ಲಿರುವ ಮಗನ ಮನೆಗೆ ಬಂದಿದ್ದ ಶಿವಮೊಗ್ಗದ ತಾಯಿಯೊಬ್ಬರು ನಾನು ಹೋದ ದಿನದ ಗುಂಪಿನಲ್ಲಿದ್ದರು. ಎರಡು ಕಂಬ, ಮೇಲೊಂದು ಅಡ್ಡಕಲ್ಲು ಹೊತ್ತು ನಿಂತ ಜೋಡಿಗಳನ್ನು ಸ್ವಲ್ಪ ಹೊತ್ತು ನೋಡಿ ಮಗನ ಕಡೆ ತಿರುಗಿದರು. "ಬಾಗಿಲವಾಡ ನಿಲ್ಲಿಸಿ ಮನೆ ಕಟ್ಟೋದೇ ಮರ್ತಿದಾರೆ ನೋಡು." ಆಮೇಲೆ ಹಗ್ಗದ ಕಡೆ ಕೈ ತೋರಿಸಿ, "ಇಷ್ಟು ದುಡ್ಡು ಕೊಟ್ರೂ ಮುಟ್ಟೋ ಹಂಗಿಲ್ವೇನೋ?" "ಮುಟ್ಟೋದು ಮಧ್ಯಾಹ್ನ ಇದೆ ಅಮ್ಮ, ತಡಿ."

ಅವರು ಹೇಳಿದ್ದರಲ್ಲಿ ಹುರುಳಿದೆ. ಇದು ಬಡಗಿಯ ಬುದ್ಧಿ ಕಲ್ಲಿನಲ್ಲಿ ಮಾಡಿದ ಕೆಲಸ. ಅತಿ ಎತ್ತರದ ಕಂಬವೊಂದು ಈಗ ಒಂಟಿಯಾಗಿ ನಿಂತಿದೆ. ಅದರ ನೆತ್ತಿಯ ಮೇಲೆ ಮುಷ್ಟಿಯಂತೆ ಎದ್ದ ಗುಬುಟು ಕೆಳಗಿನಿಂದಲೇ ಕಾಣುತ್ತದೆ. ಅಡ್ಡಕಲ್ಲಿನ ಅಡಿಯಲ್ಲಿ ಅದಕ್ಕೆ ಸರಿಯಾಗಿ ಕುಳಿ ಕೊರೆದು ಕೂರಿಸಿದ್ದರು. ಹೊರಸುತ್ತಿನ ಅಡ್ಡಕಲ್ಲುಗಳ ತುದಿಗಳಲ್ಲೂ ಒಂದರ ಏಣು ಇನ್ನೊಂದರ ತೋಡಿನಲ್ಲಿ ಕೂರುತ್ತದೆ. ಕಬ್ಬಿಣ ಕಾಣದ ಜನ ಇದನ್ನು ಕ್ರಿ.ಪೂ. 2500ರ ಸುಮಾರಿಗೆ ಕಲ್ಲಿನಿಂದ ಕಲ್ಲು ಕುಟ್ಟಿಯೇ ಮಾಡಿದರು. ಸರಾಸರಿ ಒಂದೊಂದು ದೊಡ್ಡ ಕಲ್ಲು 25 ಟನ್ ತೂಗುತ್ತದೆ. ಸುತ್ತಲಿನ ಹಳ್ಳ, ದಿಬ್ಬ ಅದಕ್ಕೂ ಐನೂರು ವರ್ಷ ಹಳೆಯವು.

ಇವೆಲ್ಲ ಎಲ್ಲಿಂದ ಬಂದವು? ಹನ್ನೆರಡನೆಯ ಶತಮಾನದಲ್ಲಿ ಜೆಫ್ರಿ ಆಫ್ ಮನ್ಮತ್ ಬರೆದದ್ದು, ಮಾಂತ್ರಿಕ ಮರ್ಲಿನ್ ಐರ್ಲೆಂಡಿನಿಂದ ಸಾಗಿಸಿದ ದೈತ್ಯರ ಕಲ್ಲುಗಳು ಇವು ಎಂದು. ನಿಜ ಅದಕ್ಕಿಂತ ಸೋಜಿಗ. ಚಿಕ್ಕವಾದ ನೀಲಿಗಲ್ಲುಗಳು ವೇಲ್ಸ್‌ನ ಪ್ರೆಸೆಲಿ ಬೆಟ್ಟಗಳಿಂದ, 200 ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದವು. ದೊಡ್ಡ ಸಾರ್ಸನ್ ಕಲ್ಲುಗಳ ತವರು ಗೊತ್ತಾದದ್ದು 2020ರಲ್ಲಿ, ಅದೂ ಹಳೆಯ ಕಲ್ಲಿನ ತುಂಡೊಂದರ ಉಪಕಾರದಿಂದ.

1958ರಲ್ಲಿ ಬಿರುಕು ಬಿಟ್ಟ ಕಂಬವೊಂದಕ್ಕೆ ಒಳಗಿನಿಂದ ಲೋಹದ ಸರಳು ಕೊಡಲು ರಂಧ್ರ ಕೊರೆದರು. ಕೊರೆದ ಕಂಪನಿಯ ರಾಬರ್ಟ್ ಫಿಲಿಪ್ಸ್, ಹೊರಬಂದ ಒಂದು ಮೀಟರ್ ಉದ್ದದ ಕಲ್ಲಿನ ಸರಳನ್ನು ನೆನಪಿಗೆಂದು ಇಟ್ಟುಕೊಂಡರು. ಅಮೆರಿಕಕ್ಕೆ ವಲಸೆ ಹೋದಾಗ ಅದೂ ಜೊತೆಗೆ ಹೋಯಿತು. ತೊಂಬತ್ತು ಹತ್ತಿರವಾದಾಗ ಇದನ್ನು ವಾಪಸ್ ಕೊಡಬೇಕು ಅನ್ನಿಸಿತು. ಕಾಪಾಡಬೇಕಾದ ಕಲ್ಲಿಗೆ ಇಂದು ಯಾರೂ ಹೀಗೆ ಕೊರೆಯಲು ಬಿಡುವುದಿಲ್ಲ, ಆದ್ದರಿಂದ ವಿಜ್ಞಾನಿಗಳಿಗೆ ಅದು ನಿಧಿಯಾಯಿತು. ಅದರ ರಾಸಾಯನಿಕ ಗುರುತು ಉತ್ತರಕ್ಕೆ 25 ಕಿಲೋಮೀಟರ್ ದೂರದ ವೆಸ್ಟ್ ವುಡ್ಸ್ ಕಾಡಿನ ಕಲ್ಲುಗಳಿಗೆ ಹೊಂದಿಕೊಂಡಿತು.

2024ರಲ್ಲಿ ಇನ್ನೊಂದು ಬೆರಗು. ನಡುಮಧ್ಯೆ ಮಲಗಿರುವ ಆರು ಟನ್ನಿನ 'ಆಲ್ಟರ್ ಸ್ಟೋನ್' ವೇಲ್ಸಿನದೆಂದೇ ನೂರು ವರ್ಷ ನಂಬಿದ್ದರು. ಅದರೊಳಗಿನ ಖನಿಜಗಳ ವಯಸ್ಸು ಸ್ಕಾಟ್ಲೆಂಡಿನ ಈಶಾನ್ಯ ಮೂಲೆಯನ್ನು ತೋರಿಸಿತು. ಏನಿಲ್ಲವೆಂದರೂ 700 ಕಿಲೋಮೀಟರ್. ಹಡಗಿನಲ್ಲೋ ನೆಲದ ಮೇಲೋ ಎಂಬ ಜಗಳ ಇನ್ನೂ ನಡೆದಿದೆ.

■ ಎರೆಹುಳುವಿನ ಸಾಕ್ಷಿ
1877ರಲ್ಲಿ ಚಾರ್ಲ್ಸ್ ಡಾರ್ವಿನ್ ಸ್ಟೋನ್‌ಹೆಂಜ್‌ಗೆ ಬಂದದ್ದು ಕಲ್ಲು ನೋಡಲಿಕ್ಕಲ್ಲ, ಎರೆಹುಳುಗಳಿಗಾಗಿ. ಬಿದ್ದ ಕಲ್ಲುಗಳ ಬುಡ ಅಗೆಸಿ, ಹುಳುಗಳು ಮಣ್ಣು ಮೇಲೆತ್ತಿ ಅವನ್ನು ಎಷ್ಟು ಹೂತಿವೆ ಎಂದು ಅಳೆದರು. ವಯಸ್ಸು ಆಗ 68.

ಊರಿನೊಳಗೆ ಕಲ್ಲು, ಕಲ್ಲಿನೊಳಗೆ ಊರು

ಉತ್ತರಕ್ಕೆ ಹೊರಟ ಬಸ್ಸು ಸಾಲ್ಸ್‌ಬರಿ ಬಯಲನ್ನು ದಾಟುತ್ತದೆ. ದನ ಅಡ್ಡ ಬರುತ್ತವೆ ಎಂಬ ಫಲಕಗಳ ನಡುವೆ ಟ್ಯಾಂಕು ಅಡ್ಡ ಬರುತ್ತದೆ ಎಂಬ ಫಲಕವೂ ಕಾಣುತ್ತದೆ. ಬ್ರಿಟನ್ನಿನ ಅತಿ ದೊಡ್ಡ ಸೈನಿಕ ತರಬೇತಿ ಪ್ರದೇಶ ಇದು. ಗೈಡು ಒಂದು ಜೋಕು ಹೇಳಿ ಮುಂದೆ ಹೋಗುತ್ತಾರೆ.

ಏವ್‌ಬರಿಯಲ್ಲಿ ಟಿಕೆಟ್ಟಿಲ್ಲ, ಹಗ್ಗವಿಲ್ಲ, ಗೇಟು ದಾಟಿದರೆ ಕುರಿಗಳು. ಜಗತ್ತಿನ ಅತಿ ದೊಡ್ಡ ಶಿಲಾವೃತ್ತ ಇದು. ಹೊರಗಿನ ಹಳ್ಳ, ದಿಬ್ಬದ ಸುತ್ತಳತೆ ಒಂದು ಕಿಲೋಮೀಟರಿಗೂ ಹೆಚ್ಚು, ಒಳಗೆ 28 ಎಕರೆ. ಎಷ್ಟು ದೊಡ್ಡದೆಂದರೆ ಅದರೊಳಗೇ ಹಳ್ಳಿ ಬೆಳೆದು, ಹೆದ್ದಾರಿ ಹಾದು, ರೆಡ್ ಲಯನ್ ಎಂಬ ಹುಲ್ಲು ಮಾಡಿನ ಪಬ್ಬೂ ಬಂದು ಕೂತಿದೆ. ಕಲ್ಲುಗಳನ್ನು ಕೆತ್ತಿಲ್ಲ, ಸಿಕ್ಕ ಆಕಾರದಲ್ಲೇ ನಿಲ್ಲಿಸಿದ್ದಾರೆ. ಶಿವಮೊಗ್ಗದ ತಾಯಿ ಒಂದಕ್ಕೆ ಬೆನ್ನು ಕೊಟ್ಟು ನಿಂತು ಬಾಟಲಿ ತೆಗೆದು ನೀರು ಕುಡಿದರು. ನನ್ನನ್ನು ಕೇಳಿದರೆ ಇಡೀ ದಿನವನ್ನು ಇಲ್ಲೇ ಕಳೆಯಬಹುದು. ಪ್ಯಾಕೇಜು ಕೊಡುವುದು ಒಂದೂವರೆ ಗಂಟೆ, ಅದರಲ್ಲೇ ಊಟ.

ಈ ಕಲ್ಲುಗಳು ಪಟ್ಟ ಪಾಡು ಸ್ಟೋನ್‌ಹೆಂಜ್‌ನವು ಪಟ್ಟಿಲ್ಲ. ಮಧ್ಯಯುಗದಲ್ಲಿ ಹಳ್ಳಿಗರು ಒಂದೊಂದಾಗಿ ಉರುಳಿಸಿ ಗುಂಡಿಯಲ್ಲಿ ಹೂತರು. ಹದಿನೇಳು, ಹದಿನೆಂಟನೆಯ ಶತಮಾನದಲ್ಲಿ ಹೂಳುವ ತಾಳ್ಮೆಯೂ ಉಳಿಯಲಿಲ್ಲ. ಕಲ್ಲಿನ ಕೆಳಗೆ ಬೆಂಕಿ ಹಾಕಿ, ಕೆಂಪಗೆ ಕಾದ ಮೇಲೆ ತಣ್ಣೀರು ಸುರಿದು, ಸುತ್ತಿಗೆಯಿಂದ ಒಡೆದು ಮನೆ ಕಟ್ಟಿದರು. ಪಬ್ಬಿನ ಸುತ್ತಲಿನ ಗೋಡೆಗಳನ್ನು ನೋಡುತ್ತ ಹೋಗಿ, ಕೆಲವು ಕಲ್ಲುಗಳ ಗುರುತು ಹತ್ತುತ್ತದೆ.

ಮೊದಲು ಅಡ್ಡ ನಿಂತವರು ಜಾನ್ ಲಬಕ್. ಬ್ಯಾಂಕ್ ಮನೆತನದವರು, ಡಾರ್ವಿನ್ ಅವರ ನೆರೆಯವರು, ಶಿಲಾಯುಗವನ್ನು ಹಳೆಯದು, ಹೊಸದು ಎಂದು ಎರಡಾಗಿ ಹೆಸರಿಸಿದ ಪಂಡಿತರು. 1870ರ ದಶಕದಲ್ಲಿ ವೃತ್ತದೊಳಗೆ ಮನೆ ಕಟ್ಟಲು ಸೈಟುಗಳನ್ನು ಮಾರಲು ಹೊರಟಾಗ ಜಮೀನನ್ನು ತಾವೇ ಕೊಂಡರು. ಬ್ರಿಟನ್ನಿಗೆ ಬ್ಯಾಂಕ್ ರಜೆಯ ಕಾನೂನು (1871), ಪ್ರಾಚೀನ ಸ್ಮಾರಕ ರಕ್ಷಣೆಯ ಕಾನೂನು (1882) ಎರಡನ್ನೂ ತಂದವರು ಇವರೇ. ನೋಡುವ ಜಾಗವನ್ನೂ ನೋಡಲು ಹೋಗುವ ಬಿಡುವನ್ನೂ ಒಬ್ಬರೇ ಕೊಟ್ಟಂತಾಯಿತು.

ಆಮೇಲೆ ಬಂದವರು ಅಲೆಗ್ಸಾಂಡರ್ ಕೀಲರ್. ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಪ್ರಸಿದ್ಧ ಮಾರ್ಮಲೇಡ್ ಕಂಪನಿಯ ವಾರಸುದಾರ. ಕಿತ್ತಳೆ ಸಿಪ್ಪೆಯ ಸಿಹಿ ಮಾರಿದ ದುಡ್ಡಿನಲ್ಲಿ 1930ರ ದಶಕದಲ್ಲಿ ಊರಿನ ಬಹುಭಾಗ ಕೊಂಡು, ಹೂತ ಕಲ್ಲುಗಳನ್ನು ಅಗೆಸಿ ಎತ್ತಿ ನಿಲ್ಲಿಸಿದರು. ಒಡೆದು ಹೋದವುಗಳ ಜಾಗದಲ್ಲಿ ಕಾಂಕ್ರೀಟಿನ ಮೋಟು ಗುರುತು ನೆಟ್ಟರು. ಇಂದು ಫೋಟೋದಲ್ಲಿ ಅನಾದಿ ಕಾಲದಿಂದ ಹಾಗೇ ನಿಂತಂತೆ ಕಾಣುವ ಪಶ್ಚಿಮದ ಸಾಲಿನ ಬಹುಪಾಲು, ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಮತ್ತೆ ಎದ್ದು ನಿಂತದ್ದು.

ಕಲ್ಲು ಎದ್ದಂತೆ ಮನೆಗಳು ಬಿದ್ದವು. ಕೀಲರ್ ಅವರಿಗೆ ವೃತ್ತದೊಳಗೆ ಕೊಟ್ಟಿಗೆ, ಗುಡಿಸಲು, ಮರ ಯಾವುದೂ ಬೇಡವಾಗಿತ್ತು. ಮರದ ಬುಡಗಳನ್ನು ಸಿಡಿಮದ್ದಿಟ್ಟು ಹಾರಿಸಿದರು. ಹಲವು ಕುಟುಂಬಗಳು ಆಚೆಯ ಏವ್‌ಬರಿ ಟ್ರಸ್ಲೋಗೆ ಹೋದವು. ದುಡ್ಡು ಕರಗಿ ಯುದ್ಧ ಬಂದ ಮೇಲೆ, 1943ರಲ್ಲಿ ಅವರು ಆಸ್ತಿಯನ್ನು 12,000 ಪೌಂಡಿಗೆ ಪರಂಪರೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಮಾರಿದರು. ಆಮೇಲೆ ಕೆಡಹುವುದು ನಿಧಾನವಾಯಿತು, ಪಬ್ಬು ಉಳಿಯಿತು.

■ ಕಲ್ಲಿನಡಿಯ ಕ್ಷೌರಿಕ
1938ರಲ್ಲಿ ಕೀಲರ್ ಎತ್ತಿಸಿದ ಒಂದು ಕಲ್ಲಿನಡಿ ಮನುಷ್ಯನ ಅಸ್ಥಿಪಂಜರ ಸಿಕ್ಕಿತು. ಜೊತೆಗೆ ಕತ್ತರಿ, ಶಸ್ತ್ರವೈದ್ಯರ ಕಬ್ಬಿಣದ ಸಲಕರಣೆ, ಹದಿನಾಲ್ಕನೆಯ ಶತಮಾನದ ಬೆಳ್ಳಿ ನಾಣ್ಯಗಳು. ಕಲ್ಲು ಉರುಳಿಸಲು ಹೋಗಿ ಅದರಡಿಯೇ ಸಿಕ್ಕಿ ಸತ್ತ ಕ್ಷೌರಿಕವೈದ್ಯ ಎಂದು ಹೆಸರಾಯಿತು. ಲಂಡನ್ ಮೇಲಿನ ಬಾಂಬ್ ದಾಳಿಯಲ್ಲಿ ಮೂಳೆಗಳು ನಾಶವಾದವೆಂದು ನಂಬಿದ್ದರು. 1990ರ ದಶಕದ ಕೊನೆಗೆ ಅವು ಒಂದು ಮ್ಯೂಸಿಯಂನಲ್ಲಿ ಸಿಕ್ಕವು. ಪರೀಕ್ಷಿಸಿದಾಗ ಕಲ್ಲು ಬಿದ್ದು ಜಜ್ಜಿದ ಗುರುತೇ ಇರಲಿಲ್ಲ!

ಏವ್‌ಬರಿಯ ಪಕ್ಕದಲ್ಲೇ ಸಿಲ್ಬರಿ ಹಿಲ್. ಮೂವತ್ತು ಮೀಟರ್ ಎತ್ತರಕ್ಕೆ ಸುಣ್ಣಮಣ್ಣು ಹೊತ್ತು ಹಾಕಿದ ಗುಡ್ಡ, ಯುರೋಪಿನ ಪ್ರಾಚೀನ ಕೃತಕ ದಿಬ್ಬಗಳಲ್ಲೇ ದೊಡ್ಡದು. 1776ರಲ್ಲಿ ಮೇಲಿನಿಂದ ಬಾವಿ ತೋಡಿದರು, 1849ರಲ್ಲಿ ಪಕ್ಕದಿಂದ ಸುರಂಗ ಕೊರೆದರು, 1968ರಲ್ಲಿ ಬಿಬಿಸಿ ಕ್ಯಾಮೆರಾ ಎದುರು ಮತ್ತೊಮ್ಮೆ ಕೊರೆದರು. ರಾಜನೂ ಸಿಗಲಿಲ್ಲ, ಚಿನ್ನವೂ ಸಿಗಲಿಲ್ಲ. 2000ದಲ್ಲಿ ಹಳೆಯ ಬಾವಿ ಕುಸಿದು ನೆತ್ತಿಯಲ್ಲಿ ಗುಂಡಿ ಬಿತ್ತು. ಈಗ ಹತ್ತುವಂತಿಲ್ಲ, ರಸ್ತೆ ಬದಿಯಿಂದ ನೋಡಬೇಕು.

ಎದುರಿನ ದಿಣ್ಣೆಯ ಮೇಲಿನ ವೆಸ್ಟ್ ಕೆನೆಟ್ ಸಮಾಧಿಗೆ ಹದಿನೈದು ನಿಮಿಷ ನಡೆಯಬೇಕು, ಬಹಳ ಗೈಡುಗಳು ಬಿಟ್ಟುಬಿಡುತ್ತಾರೆ. ಬಿಡಬೇಡಿ. ನೂರು ಮೀಟರ್ ಉದ್ದದ ಮಣ್ಣಿನ ದಿಬ್ಬ, ಅದರ ಒಂದು ತುದಿಯಲ್ಲಿ ಕಲ್ಲಿನ ಐದು ಕೋಣೆಗಳು. ಕ್ರಿ.ಪೂ. 3650ರ ಸುಮಾರಿನವು, ಸ್ಟೋನ್‌ಹೆಂಜ್‌ನ ಕಲ್ಲುಗಳಿಗಿಂತ ಸಾವಿರ ವರ್ಷ ಹಿರಿಯವು. ತಲೆ ಬಗ್ಗಿಸಿ ಒಳಗೆ ಹೋಗಿ ನಿಲ್ಲಬಹುದು.

ಸುರಪುರದಲ್ಲಿ ಡ್ರೂಯಿಡರು

ವೆಸ್ಟ್ ಕೆನೆಟ್ ಅನ್ನು 1955-56ರಲ್ಲಿ ಅಗೆದವರಲ್ಲಿ ಒಬ್ಬರಾದ ಸ್ಟುವರ್ಟ್ ಪಿಗಟ್, ಯುದ್ಧದ ದಿನಗಳಲ್ಲಿ ಭಾರತದಲ್ಲಿದ್ದು ಭಾರತದ ಪ್ರಾಗಿತಿಹಾಸದ ಮೇಲೆ ಪುಸ್ತಕ ಬರೆದವರು. ನಮಗೂ ಈ ಕಲ್ಲುಗಳಿಗೂ ಇರುವ ನಂಟು ಅದಕ್ಕಿಂತ ಹಳೆಯದು, ಸ್ವಲ್ಪ ತಮಾಷೆಯದು ಕೂಡ.

ಹದಿನೆಂಟನೆಯ ಶತಮಾನದಲ್ಲಿ ವಿಲಿಯಂ ಸ್ಟೂಕ್ಲಿ ಎಂಬ ವೈದ್ಯ-ಪಾದ್ರಿ ಸ್ಟೋನ್‌ಹೆಂಜ್, ಏವ್‌ಬರಿ ಎರಡನ್ನೂ ಅಳೆದು, ಇವು ಪ್ರಾಚೀನ ಸೆಲ್ಟ್ ಜನರ ಪುರೋಹಿತರಾದ ಡ್ರೂಯಿಡರ ದೇವಸ್ಥಾನಗಳೆಂದು ಸಾರಿದರು. ಅಳತೆ ಬೆಲೆಯುಳ್ಳದ್ದು, ತೀರ್ಮಾನ ತಪ್ಪು. ಡ್ರೂಯಿಡರ ಸುದ್ದಿ ನಮಗೆ ಸಿಗುವುದೇ ಆ ಕಲ್ಲುಗಳು ಎದ್ದು ಎರಡು ಸಾವಿರ ವರ್ಷಗಳಾದ ಮೇಲೆ. ಆದರೂ ಆ ಮಾತು ಹಡಗು ಹತ್ತಿ ನಮ್ಮ ಕಡೆಗೂ ಬಂತು. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಭೀಮಾ, ಕೃಷ್ಣಾ ಸೀಮೆಯ ಕಲ್ಮನೆಗಳನ್ನೂ ಶಿಲಾವೃತ್ತಗಳನ್ನೂ ಅಗೆದು, ಚಿತ್ರ ಬರೆದು ವರ್ಣಿಸಿದರು. ಅವು ಬ್ರಿಟನ್ನಿನ ಸ್ಮಾರಕಗಳನ್ನು ಎಷ್ಟು ಹೋಲುತ್ತವೆಂದರೆ, ಸೆಲ್ಟರೋ ಸಿಥಿಯನ್ನರೋ ಡ್ರೂಯಿಡರೋ ಕಟ್ಟಿರಬೇಕೆಂದು ಅವರಿಗೆ ಅನ್ನಿಸಿತು. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಸುಮಾರು ನಾನೂರು ಶಿಲಾಸಮಾಧಿಗಳ ಬಗ್ಗೆ ಊರವರ ವಿವರಣೆ ಬೇರೆ: ಮೊರ್ಯರೆಂಬ ಗಿಡ್ಡ ಜನರ ಮನೆಗಳವು. ಅಲ್ಲಿ ದೈತ್ಯರು, ಇಲ್ಲಿ ಕುಳ್ಳರು.

ನಮ್ಮವು ಕಬ್ಬಿಣ ಯುಗದವು, ಅಲ್ಲಿನವಕ್ಕಿಂತ ಬಹಳ ಕಿರಿಯವು. ಎರಡಕ್ಕೂ ಸಂಬಂಧವಿಲ್ಲ. ಹಿರೇಬೆಣಕಲ್ 2021ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿದೆ. ಸ್ಟೋನ್‌ಹೆಂಜ್, ಏವ್‌ಬರಿ ಜೋಡಿಯಾಗಿ 1986ರಲ್ಲೇ ಪೂರ್ಣ ಪಟ್ಟಿ ಸೇರಿದವು.

ತಂತಿಯಿಲ್ಲದ ಊರು

ಏವ್‌ಬರಿ ಬಿಟ್ಟ ಬಸ್ಸು ಪಶ್ಚಿಮಕ್ಕೆ ತಿರುಗಿದರೆ ಬೆಟ್ಟದ ಮೈಮೇಲೆ ಬಿಳಿಕುದುರೆ. ಚೆರ್‌ಹಿಲ್‌ನಲ್ಲಿ 1780ರಲ್ಲಿ ಹುಲ್ಲು ಸುಲಿದು ಸುಣ್ಣಕಲ್ಲು ಕಾಣುವಂತೆ ಬಿಡಿಸಿದ್ದು. ಬಿಡಿಸಿದ ಡಾಕ್ಟರು ದೂರದಲ್ಲಿ ನಿಂತು, ಕೊಳವೆಯಲ್ಲಿ ಕೂಗುತ್ತ ಆಳುಗಳಿಂದ ಕಾಲು, ಕಿವಿ ತಿದ್ದಿಸಿದರಂತೆ. ಗೈಡು ಹೊಲದ ಪೈರು ಮಲಗಿ ಮೂಡುವ ಬೆಳೆವೃತ್ತಗಳ ಕಥೆಯನ್ನೂ ಸೇರಿಸುತ್ತಾರೆ. ಅನ್ಯಗ್ರಹದವರ ಕೆಲಸವೆಂದು ಜಗತ್ತೇ ನಂಬಿದ್ದಾಗ, 1991ರಲ್ಲಿ ಡಗ್ ಬೋವರ್, ಡೇವ್ ಚೋರ್ಲಿ ಎಂಬಿಬ್ಬರು ಮುಂದೆ ಬಂದು ಹಲಗೆ, ಹಗ್ಗ ತೋರಿಸಿದರು. ನಂಬುವವರು ಈಗಲೂ ಬರುತ್ತಾರೆ.

ಲೇಕಾಕ್ ಹಳ್ಳಿಗೆ ನಾಲ್ಕೇ ಬೀದಿ. ಬೀದಿಗೆ ಬಾಗಿದ ಮರದ ಚೌಕಟ್ಟಿನ ಮನೆಗಳು, ಕಲ್ಲಿನ ಮಾಡುಗಳು. ಏನೋ ಕಮ್ಮಿಯಿದೆ ಅನ್ನಿಸುತ್ತದೆ. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕು: ತಲೆಯ ಮೇಲೆ ಕರೆಂಟಿನ ತಂತಿಯಿಲ್ಲ, ಛಾವಣಿಗಳ ಮೇಲೆ ಆಂಟೆನಾ ಇಲ್ಲ. ಹೀಗಾಗಿ ಸಿನಿಮಾದವರಿಗೆ ಅಚ್ಚುಮೆಚ್ಚು. ರಸ್ತೆಯ ಡಾಂಬರಿನ ಮೇಲೆ ಮಣ್ಣು ಹರಡಿದರೆ ಹತ್ತೊಂಬತ್ತನೆಯ ಶತಮಾನ ಸಿದ್ಧ. 1995ರ 'ಪ್ರೈಡ್ ಅಂಡ್ ಪ್ರೆಜುಡಿಸ್' ಧಾರಾವಾಹಿಯ ಪೇಟೆಬೀದಿ ಇದೇ. ಪಕ್ಕದ ಅಬ್ಬೆಯ ಕಮಾನು ಮೊಗಸಾಲೆಗಳಲ್ಲಿ ಹ್ಯಾರಿ ಪಾಟರ್ ಓಡಾಡಿದ್ದಾನೆ.

ಆ ಅಬ್ಬೆ ಹದಿಮೂರನೆಯ ಶತಮಾನದಲ್ಲಿ ಸನ್ಯಾಸಿನಿಯರಿಗಾಗಿ ಕಟ್ಟಿದ್ದು, ಮುಂದೆ ಟಾಲ್ಬಟ್ ಮನೆತನದ ಬಂಗಲೆಯಾಯಿತು. ಅಲ್ಲಿನ ಒಂದು ಕಿಟಕಿಯ ಮುಂದೆ ನಿಲ್ಲದೆ ಯಾರೂ ಹೋಗುವುದಿಲ್ಲ. ಹೊರಕ್ಕೆ ಚಾಚಿದ, ಚಿಕ್ಕ ಗಾಜುಗಳ ಸಾಧಾರಣ ಕಿಟಕಿ. 1835ರ ಆಗಸ್ಟಿನಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಪುಟ್ಟ ಮರದ ಪೆಟ್ಟಿಗೆಯೊಳಗೆ ಬೆಳ್ಳಿಯ ಲವಣ ಸವರಿದ ಕಾಗದವಿಟ್ಟು ಇದರ ಬಿಂಬ ಹಿಡಿದರು. ಇಂದಿಗೆ ಉಳಿದಿರುವ ಅತಿ ಹಳೆಯ ಫೋಟೋ ನೆಗೆಟಿವ್ ಅದು, ಸುಮಾರು ಅಂಚೆಚೀಟಿಯಷ್ಟಗಲ. ಈಗ ಅದೇ ಕಿಟಕಿಯ ಮುಂದೆ ದಿನಕ್ಕೆ ಎಷ್ಟು ಸೆಲ್ಫಿಗಳೋ.

1944ರಲ್ಲಿ ಮಟಿಲ್ಡಾ ಟಾಲ್ಬಟ್ ಅಬ್ಬೆಯ ಜೊತೆಗೆ ಇಡೀ ಹಳ್ಳಿಯನ್ನೂ ನ್ಯಾಷನಲ್ ಟ್ರಸ್ಟ್‌ಗೆ ಬರೆದುಕೊಟ್ಟರು. ಇಂದಿಗೂ ಹೆಚ್ಚಿನ ಮನೆಗಳಲ್ಲಿರುವವರು ಟ್ರಸ್ಟಿನ ಬಾಡಿಗೆದಾರರು. ಅಡುಗೆಮನೆಯ ಕಿಟಕಿಗೆ ಮೂಗೊತ್ತಿ ನೋಡುವ ಪ್ರವಾಸಿಗರನ್ನು ಸಹಿಸುವುದೂ ಬಾಡಿಗೆಯ ಭಾಗವೇ ಇರಬೇಕು.

ಕೊನೆಯ ನಿಲ್ದಾಣ ಕಾಸಲ್ ಕೂಂಬ್. ಉಣ್ಣೆ ಬಟ್ಟೆಯಿಂದ ಸಿರಿವಂತವಾಗಿ, ಉಣ್ಣೆ ಹೋದ ಮೇಲೆ ಬಡವಾಗಿ, ಹೊಸದೇನನ್ನೂ ಕಟ್ಟಲು ಕೈಯಲ್ಲಿ ಕಾಸಿಲ್ಲದ್ದರಿಂದಲೇ ಹಾಗೇ ಉಳಿದ ಊರು. ತೊರೆ, ಸೇತುವೆ, ಜೇನುಬಣ್ಣದ ಮನೆಗಳು. ಸೇತುವೆಯ ಮೇಲೆ ಫೋಟೋಗೆ ಸರದಿ. 1967ರ 'ಡಾಕ್ಟರ್ ಡೂಲಿಟಲ್' ಚಿತ್ರಕ್ಕೆ ಈ ತೊರೆಗೆ ಅಣೆಕಟ್ಟಿ ಬಂದರು ಮಾಡಿದ್ದರು. ನಿಶ್ಶಬ್ದವನ್ನು ಹೊಗಳುತ್ತಿರುವಾಗ ಗುಡ್ಡದಾಚೆ ಎಂಜಿನ್ನುಗಳ ಅರಚಾಟ ಕೇಳಿಸಿದರೆ ಗಾಬರಿ ಬೇಡ, ಯುದ್ಧಕಾಲದ ವಿಮಾನ ನಿಲ್ದಾಣ ಈಗ ಕಾರ್ ರೇಸಿನ ಮೈದಾನ. ಚಂದದ ಊರು ನಿಜ, ಆದರೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿದಿಡುವುದಿಲ್ಲ.

■ ಹೋಗುವವರಿಗೆ
ಈ ಸುತ್ತು ಬಾತ್‌ನಿಂದ ಹೊರಟರೆ ಸಲೀಸು, ಲಂಡನ್‌ನಿಂದ ಹೊರಟರೆ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ. ದೊಡ್ಡ ಬಸ್ಸುಗಳು ಹಳ್ಳಿಯ ಓಣಿಗಳಿಗೆ ಒಗ್ಗುವುದಿಲ್ಲ, ಮಿನಿಬಸ್ಸನ್ನೇ ಆರಿಸಿ. ಸ್ಟೋನ್‌ಹೆಂಜ್ ಟಿಕೆಟ್ಟು ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ. ಬಯಲಿನಲ್ಲಿ ಜೂನ್‌ನಲ್ಲೂ ಗಾಳಿ ಚಳಿ ಹುಟ್ಟಿಸುತ್ತದೆ.

ನಲವತ್ತೇಳು ದಿನ

ಬೆಳಿಗ್ಗೆ ಟ್ಯಾಂಕಿನ ಫಲಕದ ಬಳಿ ಗೈಡು ಹೇಳದೆ ಬಿಟ್ಟ ಊರಿನ ಹೆಸರು ಇಂಬರ್. ಸ್ಟೋನ್‌ಹೆಂಜ್‌ನಿಂದ ಪಶ್ಚಿಮಕ್ಕೆ, ಅದೇ ಬಯಲಿನ ಒಳಗಿದೆ. ಇಲ್ಲೂ ಚರ್ಚು, ಪಬ್ಬು, ತೊರೆ, ಹುಲ್ಲು ಮಾಡಿನ ಮನೆ ಎಲ್ಲ ಇದ್ದವು. ಇಲ್ಲೂ ಹೆಚ್ಚಿನವರು ಬಾಡಿಗೆದಾರರು, ಮಾಲೀಕರು ಮಾತ್ರ ಬ್ರಿಟಿಷ್ ಯುದ್ಧ ಇಲಾಖೆ. ಸುತ್ತಲಿನ ಜಮೀನನ್ನು ಅದು ಯುದ್ಧಕ್ಕೆ ಮೊದಲೇ ಕೊಂಡಿಟ್ಟುಕೊಂಡಿತ್ತು.

1943ರ ನವೆಂಬರಿನಲ್ಲಿ ಜನರನ್ನು ಶಾಲೆಯಲ್ಲಿ ಸೇರಿಸಿ, ಯುರೋಪಿಗೆ ಇಳಿಯಲಿರುವ ಅಮೆರಿಕದ ಸೈನಿಕರ ತಾಲೀಮಿಗೆ ಊರು ಬೇಕು ಎಂದರು. ಕೊಟ್ಟದ್ದು 47 ದಿನ. ಸುಮಾರು ನೂರೈವತ್ತು ಜನ ಕ್ರಿಸ್ಮಸ್ಸಿಗೆ ಮೊದಲೇ ಖಾಲಿ ಮಾಡಿದರು. ಏವ್‌ಬರಿ ನ್ಯಾಷನಲ್ ಟ್ರಸ್ಟಿನ ಕೈಗೆ ಬಂದದ್ದು ಅದೇ ವರ್ಷ, ಲೇಕಾಕ್ ಮರುವರ್ಷ. ಒಂದೇ ವಿಲ್ಟ್‌ಶರ್ ಜಿಲ್ಲೆ.

ಯುದ್ಧ ಮುಗಿದ ಮೇಲೆ ವಾಪಸ್ ಬರಬಹುದೆಂದೇ ಅವರು ನಂಬಿದ್ದರು. 1961ರಲ್ಲಿ ಮೆರವಣಿಗೆ ಮಾಡಿಕೊಂಡು ಬಂದು ಕೇಳಿದರು, ಸಿಗಲಿಲ್ಲ. ಮನೆಗಳು ಗೋಡೆಗಳಾಗಿ ಉಳಿದಿವೆ. 1970ರ ದಶಕದಲ್ಲಿ ಉತ್ತರ ಐರ್ಲೆಂಡಿನ ಬೀದಿ ಕಾಳಗಕ್ಕೆ ತಾಲೀಮು ಕೊಡಲು ಸೈನ್ಯವೇ ಕಿಟಕಿ, ಬಾಗಿಲಿಲ್ಲದ ಕೆಲವು ಹೊಸ ಮನೆಗಳನ್ನು ಕಟ್ಟಿತು. ಸೇಂಟ್ ಜೈಲ್ಸ್ ಚರ್ಚನ್ನು ಮಾತ್ರ ಕಾಪಾಡಿದ್ದಾರೆ.

ವರ್ಷದಲ್ಲಿ ಕೆಲವೇ ದಿನ ರಸ್ತೆ ತೆರೆಯುತ್ತದೆ. ಆಗಸ್ಟಿನ ಒಂದು ದಿನ ವಾರ್‌ಮಿನ್‌ಸ್ಟರ್ ರೈಲು ನಿಲ್ದಾಣದಿಂದ ಲಂಡನ್ನಿನ ಹಳೆಯ ಕೆಂಪು ಡಬಲ್ ಡೆಕ್ಕರ್‌ಗಳು ಇಂಬರ್‌ಗೆ ಓಡುತ್ತವೆ, ಬಸ್ ಪ್ರೇಮಿಗಳು 2009ರಲ್ಲಿ ಶುರು ಮಾಡಿದ್ದು. ಆ ದಿನ ರಸ್ತೆ ಬಿಟ್ಟು ಹೊಲಕ್ಕೆ ಕಾಲಿಡಬೇಡಿ ಎಂದು ಎಲ್ಲ ಕಡೆ ಫಲಕ ಹಾಕಿರುತ್ತಾರೆ. ಸಿಡಿಯದ ಶೆಲ್ಲುಗಳು ಇನ್ನೂ ಮಣ್ಣಿನಲ್ಲಿವೆ.